ಬಾನೆಟ್ಟಿಗೆ ಹಾಕಿದ ಬೀಗ

ಹೋದ ತಿಂಗಳು ಕೋಲಾರದ ಕ್ಲಾಕ್ ಟವರಿನ ಹತ್ತಿರ ಮುಂದಿನ ಆಟೋ ಇದ್ದಕ್ಕಿದ್ದಂತೆ ನಿಂತಾಗ ನಾನು ಕಾರಿನ ಬ್ರೇಕ್ ತುಳಿದೆ. ಕಾರೇನೋ ನಿಂತಿತು. ಆದರೆ ಪೆಡಲಿನ ಹಿಂದೆ, ಡ್ಯಾಶ್‌ಬೋರ್ಡಿನ ಕತ್ತಲಲ್ಲಿ ಎಲ್ಲೋ, ಯಾರೋ ಹಲ್ಲು ಕಚ್ಚಿಕೊಂಡು ಉಸಿರೆಳೆದ ಹಾಗೆ ‘ಸ್ಸ್ಸ್’ ಎಂದು ಒಂದು ಸದ್ದು ಬಂತು. ಕಾಲು ತೆಗೆದರೆ ಸದ್ದಿಲ್ಲ, ತುಳಿದರೆ ಮತ್ತೆ ಅದೇ. ಹಿಂದಿನವರು ಹಾರನ್ ಬಾರಿಸುತ್ತಿದ್ದರು. ನಾನು ಮಾತ್ರ ಕಿಟಕಿಯ ಗಾಜು ಏರಿಸಿ, ಉಸಿರು ಬಿಗಿಹಿಡಿದು, ಇನ್ನೊಮ್ಮೆ ತುಳಿದು ಕೇಳಿದೆ. ಆ ಸದ್ದಿನ ಜೊತೆಗೇ, ಆ ಕಾರಿನೊಳಗೆ ಎಲ್ಲಿಂದಲೂ ಬರಲು ಸಾಧ್ಯವಿಲ್ಲದ ಒಂದು ವಾಸನೆ ಮೂಗಿಗೆ ಬಡಿಯಿತು. ಹಿಪ್ಪುನೇರಳೆ ಸೊಪ್ಪನ್ನು ಒದ್ದೆ ಗೋಣಿಚೀಲದಡಿ ಮುಚ್ಚಿಟ್ಟಾಗ ಬರುವ ಹಸಿ ವಾಸನೆ, ಅದಕ್ಕೆ ಬೆರೆತ ಬಿಸಿ ರಬ್ಬರು, ಬಿಸಿ ಎಣ್ಣೆ. ರೇಷ್ಮೆಯ ಮನೆಯಲ್ಲಿ ಬೆಳೆದವರಿಗೆ ಈ ವಾಸನೆಯನ್ನು ವಿವರಿಸಬೇಕಾಗಿಲ್ಲ. ಉಳಿದವರು ನಿಮ್ಮ ನಿಮ್ಮ ಮನೆಯ ಯಾವುದೋ ಒಂದು ವಾಸನೆಯನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ. ಆ ಮನೆ ಈಗ ಇಲ್ಲ ಎನ್ನುವುದೊಂದು ಗೊತ್ತಿದ್ದರೆ ಸಾಕು.

ನನಗೆ ಅನುಮಾನ ಜಾಸ್ತಿ. ಅದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ನನಗೆ ಸಂಬಳ ಬರುವುದೇ ಅದಕ್ಕೆ. ನರಸಾಪುರದ ಒಂದು ಕಾರ್ಖಾನೆಯಲ್ಲಿ, ಬೇರೆಯವರು ‘ಸರಿಯಿದೆ’ ಎಂದು ಕಳಿಸಿದ ಬಿಡಿಭಾಗಗಳಿಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಹಾಗಾಗಿ ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲೇ ಮನೆಯ ಮುಂದೆ ನನ್ನ ಪರೀಕ್ಷೆ ಮುಗಿಸಿದ್ದೆ. ಇಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿದೆ, ಅದು ಗಟ್ಟಿಯಾಯಿತು. ಒತ್ತಿದ ಕಾಲನ್ನು ತೆಗೆಯದೆ ಇಂಜಿನ್ ಶುರು ಮಾಡಿದೆ. ಪೆಡಲು ತಾನಾಗಿಯೇ ಎರಡು ಬೆರಳಷ್ಟು ಕೆಳಗಿಳಿಯಬೇಕಿತ್ತು. ಇಳಿದೂ ಇಳಿಯದ ಹಾಗೆ ಇಳಿಯಿತು. ಮೆಕ್ಯಾನಿಕ್ ಬಾನೆಟ್ ಎತ್ತುತ್ತಲೇ, “ಮೇಡಂ, ಹದಿನೆಂಟು ವರ್ಷದ ಗಾಡಿ. ಬೂಸ್ಟರೇ ಹೋಗಿದೆ, ಚೇಂಜ್ ಮಾಡ್ಬಿಡೋಣ” ಎಂದ. ಅಷ್ಟು ಬೇಗ ಹೇಳಿದ್ದೇ ನನಗೆ ಅನುಮಾನ. ಬ್ರೇಕಿಗೆ ಬಲ ಕೊಡುವ ಆ ಬೂಸ್ಟರಿಗೆ ಇಂಜಿನ್ನಿನಿಂದ ಹೋಗುವ ಪೈಪನ್ನು ಇಕ್ಕಳದಲ್ಲಿ ಮೆಲ್ಲಗೆ ಅದುಮಿ ಹಿಡಿಯಲು ಹೇಳಿದೆ. ಅದುಮಿದೊಡನೆ ಕುಂಟುತ್ತಿದ್ದ ಇಂಜಿನ್ ಸಮವಾಯಿತು. ಅಂದರೆ ಗಾಳಿ ಸೋರುತ್ತಿದ್ದದ್ದು ಪೈಪಿನಿಂದಾಚೆ, ಬೂಸ್ಟರಿನೊಳಗೇ. ಆತ ಹೇಳಿದ್ದೇ ಸರಿ. ಅನುಮಾನಪಟ್ಟಿದ್ದಕ್ಕೆ ನಾಚಬೇಕಿತ್ತು. ನಾಚಲಿಲ್ಲ, ಕಳಚಿದ ಹಳೆಯ ಬೂಸ್ಟರನ್ನು ಕೇಳಿ ಇಸಿದುಕೊಂಡು ಮನೆಗೆ ತಂದೆ. ಎಷ್ಟಾದರೂ ನಾನು ನಮ್ಮಪ್ಪನ ಮಗಳು.

ಮುಳಬಾಗಿಲಿನಿಂದ ನಂಗಲಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಉದ್ದನೆಯ ಹೆಂಚಿನ ಮನೆಯಿತ್ತು. ಅರ್ಧ ಮನೆ ನಮಗೆ, ಅರ್ಧ ರೇಷ್ಮೆಹುಳುಗಳಿಗೆ, ಮತ್ತು ಒಳ್ಳೆಯ ಅರ್ಧ ಅವಕ್ಕೇ. ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಪೊರೆ ಬಿಟ್ಟು ಎದ್ದ ಹುಳುಗಳ ಹಸಿವು ಮನೆಯವರನ್ನೆಲ್ಲ ಕುಣಿಸುತ್ತಿತ್ತು. ಅಮ್ಮ ಕುಕ್ಕೆಗಟ್ಟಲೆ ಸೊಪ್ಪು ಹೊರುತ್ತಿದ್ದಳು, ಅಪ್ಪ ಬಗ್ಗಿ ಬಗ್ಗಿ ತಟ್ಟೆಗಳಿಗೆ ಹಾಕುತ್ತಿದ್ದ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಗೋಡೆಗೊರಗಿಕೊಂಡು ತಮ್ಮ ಸರದಿ ಕಾಯುತ್ತಿದ್ದವು. ಆ ಕೋಣೆಗೆ ಯಾರೂ ಸುಮ್ಮನೆ ಕಾಲಿಡುವಂತಿರಲಿಲ್ಲ. ಬಾಗಿಲಲ್ಲಿ ಸುಣ್ಣದ ಪುಡಿಯ ತಟ್ಟೆ, ಅದನ್ನು ತುಳಿದೇ ಒಳಗೆ ಬರಬೇಕು. ಹುಳು ಕೆಟ್ಟ ಮನೆಯಿಂದ ಬಂದವರಿಗೆ ಜಗಲಿಯೇ ಗತಿ. “ಹುಳ ಸಾಕೋನು ಯಾರ್ನೂ ನಂಬ್ಬಾರ್ದು ಕಣೇ, ರೋಗ ಪಾದದಲ್ಲಿ ಬರುತ್ತೆ, ಮುಖದಲ್ಲಿ ಕಾಣಲ್ಲ” ಎಂದು ಅಪ್ಪ ಹೇಳುತ್ತಿದ್ದ. ಅದು ಸುಳ್ಳಲ್ಲ. ಸುತ್ತಮುತ್ತಲಿನವರ ಬೆಳೆಯೆಲ್ಲ ಕೈಕೊಟ್ಟ ವರ್ಷವೂ ನಮ್ಮ ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂದದ್ದಕ್ಕೆ ಅಪ್ಪನ ಅನುಮಾನವೇ ಕಾರಣ. ಕೆಟ್ಟದ್ದೇನಾಯಿತೆಂದರೆ, ಆ ಸುಣ್ಣದ ತಟ್ಟೆಯನ್ನು ಅವನು ಮನುಷ್ಯರಿಗೂ ಇಟ್ಟುಬಿಟ್ಟ.

ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತು ಎನ್ನುತ್ತಾರಲ್ಲ, ನಮ್ಮಪ್ಪ ಬಾಯಿ ಸುಟ್ಟುಕೊಳ್ಳದೆಯೇ ಮಜ್ಜಿಗೆ ಊದುವ ಜಾತಿ. ಅಂಗಡಿಯವನು ನಕ್ಕರೆ ತೂಕದಲ್ಲಿ ಮೋಸ, ನಗದಿದ್ದರೆ ಸಾಮಾನಿನಲ್ಲಿ ಮೋಸ. ಪಕ್ಕದ ತೋಟದವರು ನಮ್ಮ ಬಾವಿಯ ಕಡೆ ತಿರುಗಿ ಕೆಮ್ಮಿದರೂ ಅದಕ್ಕೊಂದು ಅರ್ಥ. ಬದನೆಕಾಯಿ ಯಾವ ಮಂಡಿಗೆ ಹಾಕಿದೆವು ಎಂಬುದನ್ನೂ, “ಯಾರ್ಗೂ ಹೇಳ್ಬೇಡ” ಎಂದು ಸೇರಿಸಿಯೇ ಹೇಳುತ್ತಿದ್ದ. ಇಂಥ ಮನೆಯಲ್ಲಿ ಒಬ್ಬ ಮನುಷ್ಯ ಗಟ್ಟಿಯಾಗಿ ನಗುತ್ತಾ ಓಡಾಡಿಕೊಂಡಿದ್ದ. ಅವನು ಸೀನ ಮಾವ, ಅಮ್ಮನ ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಎಂಟು ವರ್ಷವಂತೆ. ಅಮ್ಮ ಮದುವೆಯಾಗಿ ಬರುವಾಗ ಅವನನ್ನೂ ಕೈಹಿಡಿದುಕೊಂಡು ಬಂದಿದ್ದಳು. ನಮ್ಮ ಮನೆಯಲ್ಲೇ ಬೆಳೆದು, ಲಾರಿಯವರ ಜೊತೆ ತಿರುಗಿ ಡ್ರೈವಿಂಗ್ ಕಲಿತು, ಅಪ್ಪ ಹಳೆಯ ಬಿಳಿ ಕಾರೊಂದನ್ನು ಕೊಂಡಾಗ ಅದರ ಡ್ರೈವರ್ ಆದ. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದಿಲ್ಲ, ಗಡಿ ಕಡೆಯ ತೆಲುಗಿನಲ್ಲಿ ‘ಅಮ್ಮಾಯಿ’ ಎನ್ನುತ್ತಿದ್ದ. ಸ್ಕೂಲಿನ ಚೀಲ, ಜಡೆ, ಜ್ವರ ಎಲ್ಲಕ್ಕೂ ನನಗೆ ಮಾವನೇ. ಅಪ್ಪನನ್ನು ಕಂಡರೆ ನನಗೆ ಹೆಮ್ಮೆಯಿತ್ತು, ಮಾವನನ್ನು ಕಂಡರೆ ಪ್ರೀತಿ. ಎರಡೂ ಒಂದೇ ಎಂದುಕೊಂಡಿದ್ದೆ.

ಕಾರಿನ ಹಿಂದಿನ ಸೀಟು ಬಿಚ್ಚಿ ಗೂಡಿನ ಮೂಟೆಗಳನ್ನು ಕೋಲಾರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದೆವು. ಸೀಟು ಮತ್ತೆ ಹಾಕಿದರೆ ಅದೇ ಕಾರು ಮದುವೆಗೂ ಆಗುತ್ತಿತ್ತು. ಒಂದು ದಿನ ಅದರ ಬ್ರೇಕ್ ತುಳಿದಾಗ ‘ಸ್ಸ್’ ಎನ್ನತೊಡಗಿತು. ಮಾವ ಬಾನೆಟ್ ಎತ್ತಿ ನನಗೆ ತೋರಿಸಿದ. ಎರಡು ದೋಸೆ ಹೆಂಚುಗಳನ್ನು ಮುಖಾಮುಖಿ ಇಟ್ಟು ಅಂಟಿಸಿದಂಥ ಕಪ್ಪು ಡಬ್ಬಿ ಬ್ರೇಕ್ ಬೂಸ್ಟರು, ಇಂಜಿನ್ನಿನಿಂದ ಅದಕ್ಕೆ ಹೋಗುವ ಒಂದು ರಬ್ಬರ್ ಪೈಪು. ಇಂಜಿನ್ ಆ ಪೈಪಿನಿಂದ ಡಬ್ಬಿಯ ಗಾಳಿಯನ್ನು ಹೀರಿಕೊಂಡೇ ಇರುತ್ತದೆ. ಆ ಹೀರುವ ಬಲವೇ ನಮ್ಮ ಕಾಲಿಗೆ ಬಲ ಕೊಡುವುದು. ಪೈಪು ಬಿರುಕುಬಿಟ್ಟರೆ ಬಲವೆಲ್ಲ ಬೀದಿಪಾಲು. ಮುಳಬಾಗಿಲಿನ ಮೆಕ್ಯಾನಿಕ್ ಪೈಪು ಬದಲಾಯಿಸಬೇಕು, ಬೂಸ್ಟರನ್ನೂ ಬಿಚ್ಚಿ ನೋಡಬೇಕು ಎಂದ. ಅಷ್ಟು ಸಾಕಾಯಿತು ಅಪ್ಪನಿಗೆ. ನನ್ನ ಬಿಳಿ ಷರ್ಟು ನೋಡಿ ಹೇಳುತ್ತಿದ್ದಾನೆ, ಬಿಚ್ಚಿದ ನೆಪದಲ್ಲಿ ಒಳ್ಳೆಯ ಸಾಮಾನು ತೆಗೆದು ಕೆಟ್ಟದ್ದು ಇಡುತ್ತಾನೆ ಎಂದು ಕಾರು ತಿರುಗಿಸಿಕೊಂಡು ಬಂದ.

ಮರುದಿನ ಮಾವ ಸೊಪ್ಪು ತರಲು ಹೋಗಿದ್ದಾಗ ಅಪ್ಪ ನನ್ನನ್ನು ಕರೆದ. ತೋಟಕ್ಕೆ ಮದ್ದು ಹೊಡೆಯುವ ಪಂಪಿನ ಹಳದಿ ಪೈಪಿನಿಂದ ಮೊಳದುದ್ದ ಕತ್ತರಿಸಿದ. ಒಂದು ತುದಿಯನ್ನು ನಾನು ಹಿಡಿದುಕೊಂಡಿದ್ದೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ರಬ್ಬರಿನ ಪೈಪು ಕಿತ್ತು, ಆ ಜಾಗದಲ್ಲಿ ಇದನ್ನು ತುರುಕಿ ಕ್ಲಿಪ್ಪು ಬಿಗಿದ. “ಪಂಪಿನ ಪ್ರೆಷರ್‌ನೇ ತಡ್ಕೊಳ್ಳೋ ಪೈಪು ಇದು, ಕಾರೇನು ಮಹಾ” ಎಂದ. ಇಂಜಿನ್ ಶುರು ಮಾಡಿ ತುಳಿದರೆ ಸದ್ದೇ ಇಲ್ಲ! ಅಪ್ಪ ಹಾಗೆ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ತಾನು ಹಾಕಿದ ಒಳ್ಳೆಯ ಪೈಪನ್ನು ಯಾರಾದರೂ ಕದ್ದಾರು ಎಂಬ ಅನುಮಾನ ಆ ನಗುವಿನ ಬೆನ್ನಿಗೇ ಬಂತು. ಬಾನೆಟ್ಟಿನ ಕೊಂಡಿಗೂ ಮುಂದಿನ ಜಾಲರಿಗೂ ಸೇರಿಸಿ ಸರಪಳಿ ಸುತ್ತಿ, ಒಂದು ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಊರಿನ ಜನ ನಕ್ಕರು. ಅಪ್ಪ ನನ್ನ ಕಡೆ ತಿರುಗಿ ಎಂದಿನಂತೆ, “ಯಾರ್ಗೂ ಹೇಳ್ಬೇಡ” ಎಂದ. ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಅಪ್ಪ ನಂಬಿದ್ದು ನನ್ನೊಬ್ಬಳನ್ನೇ ಎಂದು ನಾನು ಎರಡು ಜಡೆಯನ್ನೂ ಹಿಂದಕ್ಕೆ ಹಾಕಿಕೊಂಡು ಓಡಾಡಿದೆ. ಆಗ ನನಗೆ ಹತ್ತು ವರ್ಷ.

ಮಾವನಿಗೆ ಕಾರಿನ ನಡೆ ಬದಲಾದದ್ದು ವಾರದೊಳಗೆ ಗೊತ್ತಾಯಿತು. ಬೆಳಗ್ಗೆ ಬ್ರೇಕ್ ಬೆಣ್ಣೆಯ ಹಾಗಿರುತ್ತಿತ್ತು, ಕೋಲಾರಕ್ಕೆ ಹೋಗಿ ಬರುವಷ್ಟರಲ್ಲಿ ಕಲ್ಲು. ಬಾನೆಟ್ ತೆಗೆಯುವ ಹಾಗಿಲ್ಲ. ಕೂತಲ್ಲೇ ಕಾಯಿಲೆ ಹುಡುಕಬೇಕು. ನನ್ನನ್ನು ಡ್ರೈವರ್ ಸೀಟಿನ ತುದಿಗೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ಕೀಲಿ ತಿರುಗಿಸುತ್ತಿದ್ದ. “ತುಳಿ ಅಮ್ಮಾಯಿ, ಇನ್ನೂ ತುಳಿ. ಗಟ್ಟಿ ಆಯ್ತಾ? ಕಾಲು ತೆಗೀಬೇಡ, ಸ್ಟಾರ್ಟ್ ಮಾಡ್ತೀನಿ. ಇಳೀತಾ?” ತಣ್ಣಗಿದ್ದಾಗ ಪೆಡಲು ನನ್ನ ಕಾಲನ್ನು ಕರೆದುಕೊಂಡು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಬಿಸಿಯಾದ ಮೇಲೆ ಅಲುಗುತ್ತಲೇ ಇರಲಿಲ್ಲ. ಮಾವ ಸ್ಟಿಯರಿಂಗಿಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದ. ಆಮೇಲೆ, “ಸೋರ್ತಿಲ್ಲ. ಸೋರಿದ್ರೆ ಇಂಜಿನ್ ಕುಂಟ್ಬೇಕು. ಇದು ಉಸಿರು ಕಟ್ಕೊಳ್ತಾ ಇದೆ. ಗಂಟಲಲ್ಲಿ ಏನೋ ಮುಚ್ಕೊಳ್ತಿದೆ ಅಮ್ಮಾಯಿ, ಬಿಸಿ ಆದಾಗ ಮಾತ್ರ” ಎಂದ. ಬೀಗ ಹಾಕಿದ ಬಾನೆಟ್ಟಿನ ಆಚೆ ನಿಂತು ಅವನು ಕಂಡುಕೊಂಡದ್ದು ಎಷ್ಟು ಸರಿಯಾಗಿತ್ತೆಂದು ಇವತ್ತು ಯೋಚಿಸಿದರೆ ಕಣ್ಣು ತುಂಬುತ್ತದೆ. ಆ ಗಂಟಲಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ನಾನು ಸುಮ್ಮನಿದ್ದೆ.

ಬಾನೆಟ್ ತೆಗೆಸಿ ಎಂದು ಮಾವ ಕೇಳಿದ. ಅಪ್ಪ, “ಯಾವ ಮೆಕ್ಯಾನಿಕ್ ಹೇಳ್ಕೊಟ್ಟು ಕಳಿಸ್ದ ನಿನ್ನ?” ಎಂದ. ಮಾತಿಗೆ ಮಾತು ಬೆಳೆದು ಮಾವ ಜಗಲಿಯ ಮೇಲೆ ನಾಲ್ಕು ಜನರೆದುರು, “ಈ ಕಾರು ಒಂದಿನ ನಿಮ್ಮ ಅನುಮಾನಕ್ಕೇ ಕೆಡುತ್ತೆ ಭಾವ, ಬರೆದಿಟ್ಕೊಳ್ಳಿ” ಎಂದುಬಿಟ್ಟ. ಎಂಟು ದಿನವಾಗಿರಲಿಲ್ಲ. ಮಾವನಿಗೆ ಜ್ವರ ಬಂದಿದ್ದರಿಂದ ಅಪ್ಪನೇ ಗೂಡು ಹಾಕಿಕೊಂಡು ಕೋಲಾರಕ್ಕೆ ಹೋದ. ವಾಪಸು ಬರುವಾಗ ದೇವರಾಯಸಮುದ್ರದ ಕೆರೆಯ ಹತ್ತಿರ ಎಮ್ಮೆ ಅಡ್ಡ ಬಂತು. ಬ್ರೇಕ್ ಕಲ್ಲಾಗಿತ್ತು. ಎಮ್ಮೆ ಉಳಿಯಿತು, ಕಾರಿನ ಒಂದು ಮೂಲೆ ರಸ್ತೆಬದಿಯ ಕಲ್ಲಿಗೆ ಗುದ್ದಿತು, ಅಪ್ಪನ ಹಣೆ ಒಡೆಯಿತು. ಹಣೆಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದವನು ಅಮ್ಮನೆದುರು ಹೇಳಿದ ಮೊದಲ ಮಾತು, “ಕೆಡುತ್ತೆ ಅಂತ ಮೊದ್ಲೇ ಹೇಳಿದ್ನಲ್ಲ ನಿನ್ನ ತಮ್ಮ! ಕೆಡಿಸೋನಿಗೆ ತಾನೇ ಮೊದ್ಲು ಗೊತ್ತಾಗೋದು!” ಬೀಗದ ಕೈ ನಿಮ್ಮ ಸೊಂಟದಲ್ಲೇ ಇತ್ತಲ್ಲ ಎಂದಳು ಅಮ್ಮ. “ಬೀಗ ಅಂದ್ಮೇಲೆ ಇನ್ನೊಂದು ಕೈ ಇದ್ದೇ ಇರುತ್ತೆ” ಎಂದ ಅಪ್ಪ. ಅವನು ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ತನ್ನ ಪೈಪು ತಪ್ಪಿರಬಹುದೆಂಬುದು ಅವನ ತಲೆಗೇ ಹೋಗಿರಲಿಲ್ಲ, ಹಾಗಾಗಿ ಬಾನೆಟ್ ತೆಗೆದು ನೋಡಲೂ ಇಲ್ಲ. ಲೋಕವನ್ನೆಲ್ಲ ಅನುಮಾನಿಸಿದವನಿಗೆ ತನ್ನೊಬ್ಬನನ್ನು ಅನುಮಾನಿಸಲು ಪುರುಸೊತ್ತೇ ಸಿಕ್ಕಿರಲಿಲ್ಲ.

ನಮ್ಮ ಕಡೆ ಇಂಥ ವ್ಯಾಜ್ಯಕ್ಕೆ ಪೊಲೀಸರಿಗಿಂತ ಮೊದಲು ನೆನಪಾಗುವುದು ಕಾಣಿಪಾಕ. ಗಡಿಯಾಚೆ, ಚಿತ್ತೂರಿನ ಹತ್ತಿರದ ಆ ಗಣಪತಿಯ ಮುಂದೆ ಸುಳ್ಳು ಪ್ರಮಾಣ ಮಾಡಿದವನು ಉಳಿಯುವುದಿಲ್ಲ ಎಂದು ನಂಬಿಕೆ. ಕೊಳದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ದೇವರೆದುರು ನಿಂತು ಹೇಳಬೇಕು. ಸೀನ ಅಲ್ಲಿ ಬಂದು ಪ್ರಮಾಣ ಮಾಡಲಿ, ಆಮೇಲೆ ನನಗೆ ಅನುಮಾನವಿಲ್ಲ ಎಂದ ಅಪ್ಪ. ಮಾವ ಕೂಡಲೇ ಒಪ್ಪಿದ. ಹೆದರಿದ್ದು ಅಮ್ಮ. ಹಿರಿಯರು ಮಾಡಿಟ್ಟ ಒಂದು ಕಟ್ಟುಪಾಡು ನಮ್ಮಲ್ಲಿತ್ತು: ಪ್ರಮಾಣ ಮಾಡಿದವನು ತಪ್ಪಿಲ್ಲದವನೇ ಆದರೂ, ಮಾಡಿಸಿದವನ ಮನೆಯ ಅನ್ನ ನೀರು ಮತ್ತೆ ಮುಟ್ಟುವ ಹಾಗಿಲ್ಲ. ನಂಬದ ಮನೆಯ ನೀರು ಇಳಿಯುವುದಿಲ್ಲ ಎಂಬ ಲೆಕ್ಕ. ಪ್ರಮಾಣ ಮಾಡದಿದ್ದರೆ ತಮ್ಮ ಕಳ್ಳ, ಮಾಡಿದರೆ ತಮ್ಮ ಇಲ್ಲ. ಅಮ್ಮ ಎರಡು ದಿನ ಒಲೆಯ ಮುಂದೆ ಕೂತು ಅತ್ತಳು, ಅಪ್ಪನ ಕಾಲನ್ನೂ ಹಿಡಿದಳು. ನಾನು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಬಾಯಿವರೆಗೂ ಬಂದ ಮಾತನ್ನು ಎಷ್ಟೋ ಸಲ ನುಂಗಿದೆ. ಹೇಳಿದರೆ ಅಪ್ಪ ನನ್ನನ್ನೂ ಸುಣ್ಣದ ತಟ್ಟೆಯ ಆಚೆ ನಿಲ್ಲಿಸುತ್ತಾನೆ ಎಂಬ ಭಯ ನನಗೆ.

ಹೊರಡುವ ಬೆಳಗ್ಗೆ ಮಾವ, ಬಸ್ಸಿನಲ್ಲಿ ಹೋಗೋಣ, ಈ ಕಾರಿನಲ್ಲಿ ಘಾಟಿ ಇಳಿಯುವುದು ಬೇಡ ಎಂದ. ಅಪ್ಪನ ಕಣ್ಣು ಸಣ್ಣದಾಯಿತು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೋ ಮುಟ್ಕೋತೀಯ? ಏನೂ ಮಾಡಿಲ್ಲ ಅಂದ್ಮೇಲೆ ಕೂತ್ಕೊಂಡು ಓಡಿಸು” ಎಂದ. ಹಾಗಾದರೆ ಬೀಗ ತೆಗೆಯಿರಿ, ಒಂದು ಸಲ ನೋಡಿಬಿಡುತ್ತೇನೆ ಎಂದರೆ, ಪ್ರಮಾಣ ಆದ ಮೇಲೆ ಎಂದ. ಈಗ ಕೇಳಿದರೆ ನಗು ಬರುತ್ತದೆ. ಬ್ರೇಕ್ ಕೆಡಿಸಿದನೆಂದು ಯಾರ ಮೇಲೆ ಅನುಮಾನವೋ ಅವನ ಕೈಗೇ ಸ್ಟಿಯರಿಂಗ್ ಕೊಟ್ಟು, ಅದೇ ಕಾರಿನಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು, ಅವನು ಕೆಡಿಸಿಲ್ಲ ಎಂದು ಹೇಳಿಸಲು ನಾವು ಹೊರಟಿದ್ದೆವು. ನಂಗಲಿ ದಾಟಿತು, ಗಡಿ ದಾಟಿತು, ಪಲಮನೇರು ಬಂತು. ಅಪ್ಪ ಮುಂದಿನ ಸೀಟಿನಲ್ಲಿ ಮಾವನ ಕಾಲುಗಳನ್ನೇ ನೋಡುತ್ತಾ ಕೂತಿದ್ದ. ಹಿಂದೆ ಅಮ್ಮ ನನ್ನ ಕೈಯನ್ನು ತನ್ನ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಪಲಮನೇರಿನಾಚೆ ಮೊಗಿಲಿ ಘಾಟಿ ಶುರುವಾದ ಮೇಲೆ ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯಿತು, ಎರಡನೆಯದರಲ್ಲೂ ಹಿಡಿಯಿತು. ಮೂರನೆಯ ಸಲ ಮಾವ ತುಳಿದಾಗ ಅವನ ಭುಜ ಸೀಟಿಗೆ ಒತ್ತಿಕೊಂಡದ್ದು ನನಗೆ ಹಿಂದಿನಿಂದ ಕಂಡಿತು. ಅವನು ಕೂಗಲಿಲ್ಲ. “ಅಕ್ಕಾ, ಅಮ್ಮಾಯಿನ ಗಟ್ಟಿಯಾಗಿ ಹಿಡ್ಕೋ” ಎಂದಷ್ಟೇ ಹೇಳಿದ. ಗೇರು ಮೂರಕ್ಕೆ ಇಳಿಯಿತು, ಎರಡಕ್ಕೆ ಇಳಿಯಿತು, ಇಂಜಿನ್ ಕಿರುಚಿತು. ಎದುರಿನಿಂದ ಮೂಟೆ ತುಂಬಿದ ಲಾರಿ ಏದುಸಿರು ಬಿಡುತ್ತಾ ಹತ್ತಿ ಬರುತ್ತಿತ್ತು. ಮಾವ ಎರಡೂ ಕಾಲನ್ನು ಪೆಡಲಿನ ಮೇಲಿಟ್ಟು ಸೀಟಿನಿಂದ ಎದ್ದೇ ನಿಂತ, ಎಡಗೈಯಲ್ಲಿ ಹ್ಯಾಂಡ್ ಬ್ರೇಕನ್ನು ಹಂತ ಹಂತವಾಗಿ ಎಳೆದ, ಬಂಡೆಯ ಬದಿಯ ಮಣ್ಣಿನ ಗುಡ್ಡೆಗೆ ಕಾರನ್ನು ಉಜ್ಜಿಕೊಂಡು ಹೋಗಿ ನಿಲ್ಲಿಸಿದ. ಇನ್ನೊಂದು ಬದಿಯಲ್ಲಿ ಏನಿತ್ತೆಂದು ನಾನು ಇವತ್ತಿಗೂ ಇಣುಕಿ ನೋಡಿಲ್ಲ. ಮಾವ ಅಪ್ಪನ ಕಡೆ ಕೈ ಚಾಚಿ, “ಬೀಗದ ಕೈ ಕೊಡಿ ಭಾವ” ಎಂದ. ಅಪ್ಪನಿಗೆ ಉಡಿದಾರದ ಗಂಟು ಬಿಚ್ಚಲಾಗಲಿಲ್ಲ. ಅಮ್ಮ ಬಂದು ಹಲ್ಲಿನಲ್ಲಿ ಬಿಚ್ಚಿಕೊಟ್ಟಳು.

ಬಾನೆಟ್ ಎತ್ತಿದರೆ ಹಳದಿ ಪೈಪು ಹೀರಿ ಎಸೆದ ಮಾವಿನಹಣ್ಣಿನ ಸಿಪ್ಪೆಯ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಒಳಗಿನಿಂದ ಹೊರಗೆ ತಳ್ಳುವ ಒತ್ತಡಕ್ಕೆ ಮಾಡಿದ ಪೈಪು ಅದು. ಇಂಜಿನ್ ಮಾಡುವುದು ಹೀರುವ ಕೆಲಸ, ಇಳಿಜಾರಿನಲ್ಲಂತೂ ಇನ್ನೂ ಜೋರಾಗಿ. ಬಿಸಿಗೆ ಮೆತ್ತಗಾದದ್ದು ತನ್ನನ್ನು ತಾನೇ ನುಂಗಿಕೊಂಡಿತ್ತು. ಆ ಹಳದಿಯನ್ನು ಗುರುತಿಸದವರು ಅಲ್ಲಿ ಯಾರೂ ಇರಲಿಲ್ಲ. “ಇದು ನಮ್ಮ ಮದ್ದಿನ ಪಂಪಿಂದಲ್ವಾ ಭಾವ?” ಎಂದ ಮಾವ. ಅಪ್ಪ ಹೋಗುತ್ತಿದ್ದ ಲಾರಿಯನ್ನು ನೋಡಿದ. ಅವನ ಕಿವಿ ಕೆಂಪಾಗಿತ್ತು. ಆ ಕ್ಷಣ ಅವನಿಗೆ ಎಲ್ಲ ಅರ್ಥವಾಗಿತ್ತೆಂದು ನಾನು ಆಣೆಯಿಟ್ಟು ಹೇಳಬಲ್ಲೆ. ಮಾವ ನನ್ನ ಕಡೆ ನೋಡಿದ. ನಾನು ನನ್ನ ಚಪ್ಪಲಿ ನೋಡಿಕೊಂಡೆ. “ಯಾರು ಹಾಕಿದ್ರು ಅಂತ ದೇವರ ಮುಂದೆ ಗೊತ್ತಾಗುತ್ತೆ, ನಡಿ” ಎಂದ ಅಪ್ಪ. ಇಷ್ಟು ದೂರ ಬಂದು, ಹೆಂಡತಿ ಮಗಳೆದುರು ತಪ್ಪೊಪ್ಪಿಕೊಂಡರೆ, ಅಲ್ಲಿಯವರೆಗಿನ ಅವನ ಅನುಮಾನಗಳೆಲ್ಲ ಸಾಲಾಗಿ ಬಂದು ತಮ್ಮ ತಮ್ಮ ನ್ಯಾಯ ಕೇಳುತ್ತಿದ್ದವೇನೋ. ಮಾವ ಡಿಕ್ಕಿಯಲ್ಲಿದ್ದ ಕಟ್ಟುತಂತಿಯನ್ನು ಸ್ಕ್ರೂಡ್ರೈವರಿಗೆ ಸುತ್ತಿ ಸುತ್ತಿ ಸುರುಳಿ ಮಾಡಿ, ಪೈಪಿನೊಳಗೆ ತಿರುಪಿ ತಿರುಪಿ ಇಳಿಸಿದ. ಹೀರಿದರೂ ಅದು ಇನ್ನು ಮುಚ್ಚಿಕೊಳ್ಳುವಂತಿರಲಿಲ್ಲ. ಪೈಪನ್ನು ಸಿಕ್ಕಿಸಿ, ನನ್ನನ್ನು ಕರೆದು ಪೆಡಲು ತುಳಿಸಿ, ಇಂಜಿನ್ ಶುರು ಮಾಡಿದ. ಪೆಡಲು ಮೆಲ್ಲಗೆ ಕೆಳಗಿಳಿಯಿತು. ನಾನು ಅತ್ತೆ. ಎಲ್ಲರೂ ಘಾಟಿಯ ಭಯಕ್ಕೆ ಎಂದುಕೊಂಡರು.

ಕಾಣಿಪಾಕದಲ್ಲಿ ಬಿಸಿಲು ಜೋರಾಗಿತ್ತು. ಮಾವ ಕೊಳದಲ್ಲಿ ಮೂರು ಸಲ ಮುಳುಗಿ ಎದ್ದ. ಪಂಚೆಯಿಂದ ನೀರು ಸುರಿಯುತ್ತಾ ಹೋಗಿ ದೇವರೆದುರು ನಿಂತು, “ಭಾವನ ಕಾರಿಗೆ ನಾನು ಕೇಡು ಮಾಡಿಲ್ಲ ಸ್ವಾಮಿ” ಎಂದ. ಅದಕ್ಕಿಂತ ಹೆಚ್ಚು ಒಂದಕ್ಷರ ಹೇಳಲಿಲ್ಲ. ಯಾರು ಮಾಡಿದ್ದೆಂದು ದೇವರನ್ನೂ ಕೇಳಲಿಲ್ಲ. ಅಪ್ಪ ತಲೆಯಾಡಿಸಿ, ಕೆಮ್ಮಿ, “ಆಯ್ತು ಬಿಡು, ಮುಗೀತು, ಊಟ ಮಾಡೋಣ ಬಾ” ಎಂದ. ಅದು ಅವನ ಪ್ರಕಾರ ಕ್ಷಮೆ ಕೇಳಿದ್ದು. ಮಾವ ಕಾರಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟ. ಅಮ್ಮನ ಕಾಲು ಮುಟ್ಟಿ, “ಬರ್ತೀನಕ್ಕ” ಎಂದ. “ಬರ್ತೀನಿ ಅಂತೀಯ, ಬರಲ್ವಲ್ಲೋ” ಎಂದು ಅಮ್ಮ ದೇವಸ್ಥಾನದ ಮುಂದೆಯೇ ಗೊಳೋ ಎಂದು ಅತ್ತಳು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟ. ಕೈ ತಣ್ಣಗಿತ್ತು. ಒದ್ದೆ ಬಟ್ಟೆಯಲ್ಲೇ ಹೋಗಿ ಪಲಮನೇರಿನ ಬಸ್ಸು ಹತ್ತಿದ. ನಾವು ಮೂವರು ಮನೆಗೆ ಬಂದೆವು. ಅಪ್ಪ ಕಾರು ಓಡಿಸಿದ. ಬ್ರೇಕ್ ಚೆನ್ನಾಗಿತ್ತು.

ಅಪ್ಪ ಬದುಕಿರುವವರೆಗೂ ಆ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ. ಮಾವನಿಗೆಂದು ಅಮ್ಮ ಇಡುತ್ತಿದ್ದ ತಟ್ಟೆ ಗೋಡೆಯ ಗೂಡಿನಲ್ಲೇ ಉಳಿಯಿತು. ಅವನು ಪಲಮನೇರಿನಲ್ಲಿ ಬೇರೆಯವರ ಗಾಡಿ ಓಡಿಸಿಕೊಂಡಿದ್ದು, ಅಲ್ಲೇ ಮದುವೆಯಾದ. ವರ್ಷಕ್ಕೆ ಒಂದೆರಡು ಸಲ ಅಕ್ಕ ತಮ್ಮ ನಂಗಲಿಯಲ್ಲಿ, ಲಾರಿಗಳು ನಿಲ್ಲುವ ಕಡೆ ಒಂದು ಟೀ ಹೋಟೆಲಿನಲ್ಲಿ ಸಿಗುತ್ತಿದ್ದರು. ಮನೆಯ ನೀರು ಮುಟ್ಟಿದ ಏನನ್ನೂ ಅವನಿಗೆ ಕೊಡುವಂತಿಲ್ಲವಾದ್ದರಿಂದ ಅಮ್ಮ ಅವರೆಕಾಯಿ, ಹುರುಳಿ, ಮಾವಿನಕಾಯಿ ಹೊತ್ತುಕೊಂಡು ಹೋಗುತ್ತಿದ್ದಳು, ಟೀ ಮಾತ್ರ ಹೋಟೆಲಿನದು. ಅಪ್ಪ ತೀರಿಕೊಂಡಾಗ ಮಾವ ಬಂದ. ಹೆಣಕ್ಕೆ ಹೆಗಲು ಕೊಟ್ಟ. ಮಣ್ಣು ಮುಗಿಸಿ ಬಂದು ಅಂಗಳದಲ್ಲಿ ನಿಂತವನು ಹೊಸಿಲು ದಾಟಲಿಲ್ಲ. ಆಮೇಲೆ ರಸ್ತೆ ಅಗಲ ಮಾಡುವಾಗ ಮನೆ ಹೋಯಿತು. ಹುಳುವಿನ ಕೋಣೆಯಿದ್ದ ಜಾಗದ ಮೇಲೆ ಈಗ ಲಾರಿಗಳು ಎಂಬತ್ತರ ವೇಗದಲ್ಲಿ ಹೋಗುತ್ತವೆ. ನಾನೂ ಎಷ್ಟೋ ಸಲ ಹೋಗಿದ್ದೇನೆ, ಒಮ್ಮೆಯೂ ಅಲ್ಲಿ ನಿಧಾನ ಮಾಡಲು ಮನಸ್ಸು ಬಂದಿಲ್ಲ.

ಮೂರು ವರ್ಷದ ಹಿಂದೆ ಅಮ್ಮನನ್ನು ನಂಗಲಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಮಾವ ಮುದುಕನಾಗಿದ್ದ, ನಗು ಮಾತ್ರ ಅದೇ. ಅಮ್ಮ ಎದುರಿನ ಅಂಗಡಿಗೆ ಹೂವು ತರಲು ಹೋದಾಗ ನಾನು ಹೇಳಿಬಿಟ್ಟೆ. ಪೈಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದು ನಾನೇ ಮಾವ, ನನಗೆ ಮೊದಲಿಂದ ಗೊತ್ತಿತ್ತು ಎಂದೆ. ಅವನು ಟೀ ಲೋಟವನ್ನು ಕೆಳಗಿಡಲೂ ಇಲ್ಲ. “ಗೊತ್ತು ಬಿಡಮ್ಮಾಯಿ. ಘಾಟೀಲಿ ನೀನು ಚಪ್ಲಿ ನೋಡ್ಕೊಂಡಾಗ್ಲೇ ಗೊತ್ತಾಯ್ತು” ಎಂದ. ಮತ್ತೆ ಯಾಕೆ ಪ್ರಮಾಣ ಮಾಡಿದೆ, ಪೈಪು ಸಿಕ್ಕಿತ್ತಲ್ಲ, ಮಾಡಲ್ಲ ಅನ್ನಬಹುದಿತ್ತಲ್ಲ ಎಂದು ಕೇಳಿದೆ. ಅದಕ್ಕವನು ಹೇಳಿದ: “ಮಾಡಲ್ಲ ಅಂದಿದ್ರೆ, ಹಂಗಾದ್ರೆ ಹಾಕಿದ್ದು ಯಾರು ಅಂತ ಮಾತು ಬರ್ತಿತ್ತು. ಎಲ್ರೂ ನಿನ್ನ ಮುಖ ನೋಡ್ತಿದ್ರು. ನೀನು ನಿಮ್ಮಪ್ಪನ ಎದುರಿಗೆ ನಿಂತ್ಕೊಂಡು ಬಾಯಿ ಬಿಡ್ಬೇಕಾಗಿತ್ತು. ಆಮೇಲೆ ಅದೇ ಮನೇಲಿ ನೀನು ಹೆಂಗೆ ಬೆಳೀತಿದ್ದೆ? ನಾನಾದ್ರೆ ಬಸ್ಸು ಹತ್ಬೋದಿತ್ತು.” ಅಷ್ಟರಲ್ಲಿ ಅಮ್ಮ ಮಲ್ಲಿಗೆ ಹಿಡಿದುಕೊಂಡು ರಸ್ತೆ ದಾಟಿ ಬರುತ್ತಿದ್ದಳು. ಮಾವ ಎದ್ದು ಹೋಗಿ ಲಾರಿಗೆ ಕೈ ಅಡ್ಡ ಹಿಡಿದು ಅವಳನ್ನು ದಾಟಿಸಿದ.

ಅವನು ತೀರಿಹೋಗಿ ಎರಡು ವರ್ಷವಾಯಿತು. ಅಮ್ಮ ಈಗ ಕೋಲಾರದಲ್ಲಿ ನನ್ನ ಜೊತೆಗಿದ್ದಾಳೆ. ಮೊನ್ನೆ ಭಾನುವಾರ ಮಧ್ಯಾಹ್ನ ಇಬ್ಬರೂ ಬಾಗಿಲಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆವು. ಅವಳು ತಲೆಯೆತ್ತದೆ, “ಆ ಪೈಪು ನಿಮ್ಮಪ್ಪಂದೇ ಕೆಲಸ ಅಂತ ನನಗೆ ಘಾಟೀಲೇ ಗೊತ್ತಾಯ್ತು. ಆದ್ರೆ ನಾನು ಕಂಡಿದ್ದಿಲ್ವಲ್ಲ, ಏನಂತ ಹೇಳ್ಲಿ? ಅವರು ಹಾಕೋದನ್ನ ಕಂಡೋರು ಯಾರಾದ್ರೂ ಒಬ್ರು ಬಾಯಿಬಿಟ್ಟು ಹೇಳಿದ್ದಿದ್ರೆ, ನನ್ನ ತಮ್ಮ ಮನೇಲೇ ಉಳೀತಿದ್ದ, ಅಲ್ವೇನೇ?” ಎಂದಳು. “ಹೂನಮ್ಮ, ಉಳೀತಿದ್ದ” ಎಂದೆ. ಅದರ ಮುಂದಿನ ಮಾತು ಇನ್ನೂ ನನ್ನ ಬಾಯಿಂದ ಬಂದಿಲ್ಲ.